ಮಿಡತೆಯ ಮೈಯೊಳಗಿನ ಮರ

ತಗಡು ಬಡಿಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಹತ್ತಿರ ಬಂದು ಕೂಡುತ್ತಾರೆ. ಬಹಳಷ್ಟು ಜನ ಧಾರವಾಡ, ಬೆಳಗಾವಿ ಕಡೆಯವರು. ಇಲ್ಲಿ ಪುಣೆಯ ಕ್ಯಾಂಪಿನಲ್ಲಿ ಯಾರೋ ನನ್ನ ಹೆಸರು ಹೇಳಿರುತ್ತಾರೆ. "ಅಜ್ಜಾರ, ನಿಮ್ಮ ಕಾಲದಾಗ ಮೋಟಾರ್ ಕೆಲಸ ಹೆಂಗಿತ್ರಿ?" ಎಂದು ಕೇಳುತ್ತಾರೆ. ನಾನು ಶುರು ಮಾಡುತ್ತೇನೆ. ಅಷ್ಟರಲ್ಲಿ ಹೊರಗೆ ಯಾವುದೋ ಗಾಡಿ ಹೋಗುತ್ತದೆ, ಅದರಲ್ಲಿ ಏನೋ ಸಡಿಲವಾದದ್ದು ಕಿವಿಗೆ ಬೀಳುತ್ತದೆ, ಎದ್ದು ಕಿಟಕಿಗೆ ಹೋಗುತ್ತೇನೆ. ತಿರುಗಿ ಬರುವಷ್ಟರಲ್ಲಿ ಹೇಳುತ್ತಿದ್ದುದು ಮರೆತಿರುತ್ತದೆ. ಕುಳಿತಲ್ಲಿ ಕೂರಲಾರದ ಮನುಷ್ಯ ನಾನು. "ನಿಮಗ ಕುರ್ಚಿ ತಂದದ್ದ ದಂಡ ಆತು ನೋಡ್ರಿ" ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಅದಕ್ಕೇ ಈಗ ಬರೆಯಲು ಹಿಡಿದಿದ್ದೇನೆ. ನಡುವೆ ಎದ್ದುಹೋದರೂ ಬರೆದದ್ದು ಹಾಳೆಯ ಮೇಲೆ ಉಳಿದಿರುತ್ತದೆ.

ನಾನು ಯಾವಾಗ ಮಿಸ್ತ್ರಿಯಾದೆ, ಯಾವಾಗ ಹೆಡ್ ಮಿಸ್ತ್ರಿಯಾದೆ ಎನ್ನುವುದನ್ನು ಬರೆಯುವುದಿಲ್ಲ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಒಂದು ಗಾಡಿಯ ಬಗ್ಗೆ ಬರೆಯುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ, ಆ ತಪ್ಪಿಗೆ ತಮ್ಮ ಬಲಗೈ ತೆತ್ತವರ ಬಗ್ಗೆ ಬರೆಯುತ್ತೇನೆ.

ನನ್ನ ಹೆಸರು ಈರಪ್ಪ ಬಡಿಗೇರ. ಧಾರವಾಡದ ಹತ್ತಿರದ ಹಳ್ಳಿ. ನಮ್ಮಪ್ಪ ಚಕ್ಕಡಿ ಮಾಡುತ್ತಿದ್ದ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿತ್ತು: ಹೊಸ ಚಕ್ಕಡಿಯನ್ನು ಒಯ್ಯುವವರು ಮೊದಲ ದಿನ ಊರ ಅಗಸೆಬಾಗಿಲಿನಿಂದ ಹೊರಡುವಾಗ ಮಾಡಿದವನು ಅದರ ಹಿಂದೆ ನೂರು ಹೆಜ್ಜೆ ನಡೆಯಬೇಕು. ಎಲ್ಲಾದರೂ ಕಿರ್ ಎಂದರೆ ಅಲ್ಲೇ ನಿಲ್ಲಿಸಿ ತಿರುಗಿ ತರಬೇಕು. ಅಪ್ಪ ಹಾಗೆ ತಿರುಗಿ ತಂದದ್ದನ್ನು ನಾನು ಕಂಡಿಲ್ಲ. ಕಟ್ಟಿಗೆ ಕಟ್ಟಿಗೆ ಕೂಡುವ ಸಂದು ಸಡಿಲು ಬಿಡುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ. ಈ ಮಾತನ್ನು ನೆನಪಿಡಿ, ನನ್ನನ್ನು ಕೆಡಿಸಿದ್ದು ಇದೇ.

ಪುಣೆಗೆ ಬಂದದ್ದು ಟಾಂಗಾ ಕಟ್ಟುವ ಕೆಲಸಕ್ಕೆ. ಟಾಂಗಾ ಕಡಿಮೆಯಾಗುತ್ತ ಬಂದಾಗ ಕ್ಯಾಂಪಿನ ಒಂದು ಮೋಟಾರ್ ಗ್ಯಾರೇಜಿಗೆ ಸೇರಿದೆ. ಮಾಲೀಕರು ಪಾರ್ಸಿ, ನಾವೆಲ್ಲ ಸೇಠಜಿ ಎನ್ನುತ್ತಿದ್ದೆವು. ಅಲ್ಲಿ ಎಂಜಿನ್ನಿನ ಹೆಡ್ ಮಿಸ್ತ್ರಿ ಅಡಿವೆಪ್ಪನವರು, ಬೆಳಗಾವಿಯವರು. ಹೊರಗೆ ಎಲ್ಲರ ಜೊತೆ ಮರಾಠಿ. ನನ್ನನ್ನು ಕಂಡರೆ ಮಾತ್ರ ಕನ್ನಡ. ಮೊದಲ ದಿನ ನನ್ನ ಪೆಟ್ಟಿಗೆ ತೆಗೆಸಿ ನೋಡಿದರು. ಒಳಗೆ ಉಳಿ, ಕೊಡತಿ, ಮರ ಹೆರೆಯುವ ರಂಧಾ.

"ಇದೇನಪಾ ಇದು? ನಾವ ಇಲ್ಲಿ ಬಾಗಲಾ ಕಿಟಕಿ ಮಾಡೂದಿಲ್ಲ" ಎಂದರು.

"ಮೋಟಾರಿಗೂ ಮರಾ ಇರತದಂತ ಸೇಠಜಿ ಹೇಳ್ಯಾರ್ರಿ."

"ಇರತದ, ಇರತದ. ಕಬ್ಬಿಣದ ಕೆಲಸಾ ನಂದು, ಕಟಗೀದು ನಿಂದು. ನಡುವ ಗೋಡಿ ಕಟ್ಟಬ್ಯಾಡ ಮತ್ತ."

ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಈಗ ಗಾಡಿಯ ಮೈಯೆಲ್ಲ ಉಕ್ಕು, ಯಂತ್ರದಲ್ಲಿ ಒತ್ತಿ ತೆಗೆಯುತ್ತಾರೆ. ಆಗ ಹಾಗಿರಲಿಲ್ಲ. ವಿಲಾಯತಿಯ ಓಟದ ಗಾಡಿಗಳಂತೂ ಹೊರಗೆ ಕಬ್ಬಿಣದಂತೆ ಕಂಡರೂ ಒಳಗೆಲ್ಲ ಮರದ ಚೌಕಟ್ಟು. ಅದರ ಮೇಲೆ ತಗಡು ಹೊದಿಸಿ, ಮೊಳೆ ಹೊಡೆದು, ಬಣ್ಣ ಬಳಿದಿರುತ್ತಿದ್ದರು.

ನಾನು ಹೇಳಹೊರಟ ಆ ಸಣ್ಣ ವಿಲಾಯತಿ ಗಾಡಿಗೆ ಮಿಡತೆ ಎಂದು ಹೆಸರಿಟ್ಟವರು ನಮ್ಮವರೇ. ಇಬ್ಬರೇ ಕೂರುವ ಗಾಡಿ, ನೆಲಕ್ಕೆ ತಾಗಿದಂತೆ ತಗ್ಗು, ಮುಂದೆ ಎರಡು ದೊಡ್ಡ ದೀಪ. ಚಾಲೂ ಮಾಡಿ ಕಾಲಿಟ್ಟರೆ ನಿಂತಲ್ಲಿಂದ ಜಿಗಿಯುತ್ತಿತ್ತು. ಮೊದಲನೆಯದು ಮುಂಬೈ ಬಂದರಿನಿಂದ ಮರದ ಪೆಟ್ಟಿಗೆಯಲ್ಲಿ ಬಂತು. ನಾಲ್ಕು ಜನ ಹಲಗೆ ಕಿತ್ತರು. ಎಲ್ಲರೂ ಎಂಜಿನ್ ನೋಡಲು ಮುಂದೆ ನುಗ್ಗಿದರು, ನಾನು ಹಿಂದೆ ಹೋಗಿ ಮೈಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದೆ. ಅದು ತಗಡಾಗಿರಲಿಲ್ಲ. ತೆಳು ಹಲಗೆಯ ಮೇಲೆ ಎಣ್ಣೆ ಹಾಕಿದ ಬಟ್ಟೆ ಬಿಗಿದಿದ್ದರು.

ಆ ಬಟ್ಟೆಯ ಮೈ ನಮ್ಮ ಮಳೆಗಾಲದಲ್ಲಿ ಬಾಳಲಿಲ್ಲ. ಆಷಾಢ ಮುಗಿಯುವಷ್ಟರಲ್ಲಿ ಹೊಲಿಗೆಯಿಂದ ನೀರು ಇಳಿದು ಒಳಗೆ ಬೂಸು ಹಿಡಿಯಿತು. ಒಬ್ಬ ಸಾಹೇಬರ ಗಾಡಿಯ ಸೀಟಿನ ಹಿಂದೆ ಗೆದ್ದಲು ಗೂಡು ಕಟ್ಟಿತ್ತು. ಸಾಹೇಬರು ಎರಡು ತಿಂಗಳು ರಜೆಗೆ ಹೋಗಿ ಬಂದು ಬಾಗಿಲು ಎಳೆದರೆ ಬಾಗಿಲು ಕೈಗೇ ಬಂತು. ಸೇಠಜಿ ಕಂಪನಿಗೆ ಪತ್ರ ಬರೆಸಿದರು. ನಮ್ಮ ಪತ್ರ ಓದಿಯೇ ಬದಲಾಯಿಸಿದರೋ, ಬೇರೆ ಯಾರ ಪತ್ರವೋ, ಮುಂದಿನ ಸಲ ಬಂದ ಗಾಡಿಗಳಿಗೆ ತಗಡಿನ ಮೈ ಇತ್ತು. ನಾವು ಮಾತ್ರ ನಮ್ಮ ಪತ್ರವೇ ಎಂದು ಹೇಳಿಕೊಂಡು ಒಂದು ವಾರ ಎದೆಯುಬ್ಬಿಸಿ ತಿರುಗಿದೆವು.

ಎಂಜಿನ್ನಿನ ಕಡೆಯೂ ಹೀಗೇ. ಮೊದಲ ಮಿಡತೆಗಳ ಎಂಜಿನ್ ಮುಂದೆ ಡೈನಮೋವನ್ನು ನೆಟ್ಟಗೆ ನಿಲ್ಲಿಸಿದ್ದರು. ಮೇಲಿನಿಂದ ಎಣ್ಣೆ ಸೋರಿ ಅದರೊಳಗೇ ಇಳಿಯುತ್ತಿತ್ತು, ದೀಪಗಳು ಸಣ್ಣಗಾಗುತ್ತಿದ್ದವು. ಅಡಿವೆಪ್ಪನವರು ಅದನ್ನು ಬಿಚ್ಚಿ ಒರೆಸುತ್ತ "ಇದನ್ನ ಮಾಡಿದಾವ ಒಮ್ಮೆರ ತನ್ನ ಮನ್ಯಾಗ ದೀಪಾ ಹಚ್ಚ್ಯಾನೋ ಇಲ್ಲೋ" ಎಂದು ಬೈಯುತ್ತಿದ್ದರು. ಒಳಗಿನ ಕ್ರ್ಯಾಂಕಿಗೆ ಎರಡೇ ಆಸರೆ, ಹಿಂದೊಂದು ಮುಂದೊಂದು. ಜೋರಾಗಿ ಓಡಿಸಿದರೆ ನಡುವೆ ಮುರಿಯುತ್ತಿತ್ತು. ಮೂರು ಮುರಿದ ಕ್ರ್ಯಾಂಕುಗಳನ್ನು ಅಡಿವೆಪ್ಪನವರು ಗೋಡೆಗೆ ತೂಗುಹಾಕಿದ್ದರು. ಹೊಸ ಸಾಹೇಬರು ಯಾರು ಬಂದರೂ ಮೊದಲು ಅದನ್ನು ತೋರಿಸಿ ಆಮೇಲೆ ಕೀಲಿ ಕೊಡುತ್ತಿದ್ದರು. ನಂತರ ಬಂದ ಗಾಡಿಗಳಲ್ಲಿ ನಡುವೆ ಮೂರನೆಯ ಆಸರೆ ಬಂತು, ಮುರಿಯುವುದು ನಿಂತಿತು. ನಾವು ಪುಣೆಯಲ್ಲಿ ಕುಳಿತು ಆ ಗಾಡಿ ವರ್ಷದಿಂದ ವರ್ಷಕ್ಕೆ ಕಲಿಯುತ್ತಿದ್ದುದನ್ನು ನೋಡಿದೆವು. ತಪ್ಪು ಒಪ್ಪಿಕೊಂಡು ತಿದ್ದಿಕೊಳ್ಳುವ ಗಾಡಿ ಅದು. ನನಗೆ ಅದು ಅಷ್ಟು ಸುಲಭವಾಗಲಿಲ್ಲ.

ತಗಡಿನ ಮೈಯ ಮಿಡತೆಗಳು ಎರಡು ಮಳೆಗಾಲ ಕಂಡ ಮೇಲೆ ಒಳಗಿನ ಮರ ಕೊಳೆಯತೊಡಗಿತು. ಅದು ವಿಲಾಯತಿಯ ಒಂದು ಬಿಳಿ ಮರ. ಹಗುರ, ಉದ್ದನೆಯ ಎಳೆ, ಬಗ್ಗಿಸಿದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತಿತ್ತು. ಒಳ್ಳೆಯ ಮರವೇ, ಆದರೆ ನಮ್ಮ ನೀರಿಗೆ ತಡೆಯಲಿಲ್ಲ. ಮೊದಲು ಬಂದದ್ದು ಒಬ್ಬ ತರುಣ ಕ್ಯಾಪ್ಟನ್ ಸಾಹೇಬರ ಗಾಡಿ. ಬಾಗಿಲ ಕಂಬ ಬುಡದಲ್ಲಿ ಮೆತ್ತಗಾಗಿ ಬಾಗಿಲು ಜೋತುಬಿದ್ದಿತ್ತು. ಮಳೆ ನಿಂತ ಮೇಲೆ ಕಾತ್ರಜ ಘಾಟಿನಲ್ಲಿ ಅಧಿಕಾರಿಗಳ ಏರುಪಂದ್ಯವಿತ್ತು, ಯಾರ ಗಾಡಿ ಬೇಗ ಮೇಲೆ ತಲುಪುತ್ತದೆ ಎಂದು. ಅಷ್ಟರೊಳಗೆ ಚೌಕಟ್ಟು ಪೂರ್ತಿ ಹೊಸದಾಗಬೇಕು ಎಂದು ಸಾಹೇಬರು ಹೇಳಿದರು.

ಇಡೀ ಮೈಯನ್ನು ಎತ್ತಿಳಿಸಿದೆ. ಹಳೆಯ ಚೌಕಟ್ಟನ್ನು ಬಿಚ್ಚುತ್ತ ಹೋದಂತೆ ನನಗೆ ನಗು ಬಂತು. ಸಂದುಗಳೆಲ್ಲ ತುಸು ಸಡಿಲು. ಗಾಡಿಯ ತಳದ ಕಬ್ಬಿಣದ ಚಾಸಿಗೂ ಮರಕ್ಕೂ ನಡುವೆ ದಪ್ಪನೆಯ ಉಣ್ಣೆಯ ಪಟ್ಟಿ ತುರುಕಿದ್ದರು. ಅಳತೆ ತಪ್ಪಿದ ಬಡಿಗ ಸಂದಿಯಲ್ಲಿ ಬಟ್ಟೆ ತುರುಕಿ ಮುಚ್ಚಿಕೊಂಡಿದ್ದಾನೆ ಎಂದುಕೊಂಡೆ. ನಮ್ಮೂರಲ್ಲಿ ಯಾವನಾದರೂ ಹೀಗೆ ಮಾಡಿದ್ದರೆ ಅವನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಭವಾನಿ ಪೇಠೆಯ ಕಟ್ಟಿಗೆ ಅಡ್ಡೆಗೆ ಹೋಗಿ ದಾಂಡೇಲಿಯ ಸಾಗವಾನಿ ಆರಿಸಿ ತಂದೆ. ಒಂದು ಕಟ್ಟಿಗೆ ಇನ್ನೊಂದರೊಳಗೆ ಕಚ್ಚಿ ಕೂರುವಂತೆ ಕೊರೆದೆ, ಬೆಣೆ ಹೊಡೆದೆ. ಸಂದಿನಲ್ಲಿ ಕೂದಲೂ ಇಳಿಯುತ್ತಿರಲಿಲ್ಲ. ಉಣ್ಣೆಯ ಪಟ್ಟಿಗಳನ್ನು ಕಸಕ್ಕೆ ಎಸೆದು ಮರವನ್ನು ನೇರವಾಗಿ ಕಬ್ಬಿಣದ ಮೇಲೆ ಕೂರಿಸಿ ಬೋಲ್ಟು ಬಿಗಿದೆ. ಅಡಿವೆಪ್ಪನವರು ಬಂದು ನೋಡಿದರು. ಎರಡು ಕೈಯಿಂದ ಹಿಡಿದು ಅಲುಗಿಸಿದರು. ಅಲುಗಲಿಲ್ಲ.

"ಈರಪ್ಪ, ಕೆಲಸಾ ಭಾಳ ಚಂದ ಆಗೇದ. ಆದರ ಈ ಚಾಸಿ ತೆಳ್ಳಂದದ, ನೋಡು. ಖರಾಬ್ ರಸ್ತಾದಾಗ ಅದು ಮೈ ತಿರುವತದ. ಅವರು ಪಟ್ಟಿ ಹಾಕಿದ್ದು ಬೇಕಂತನ ಇದ್ದೀತು."

"ಕಬ್ಬಿಣದ ಕೆಲಸಾ ನಿಮ್ಮದು, ಕಟಗೀದು ನಂದು ಅಂತ ನೀವ ಹೇಳಿದ್ರೆಲ್ರಿ?"

ಅವರು ನಕ್ಕರು. "ಗೋಡಿ ಕಟ್ಟಬ್ಯಾಡಂತನೂ ಹೇಳಿದ್ದೆ" ಎಂದು ಹೋದರು. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು, ಹೆಡ್ ಮಿಸ್ತ್ರಿ. ಗದರಿ ತೆಗೆಸಬಹುದಿತ್ತು. ತೆಗೆಸಲಿಲ್ಲ, ನನ್ನ ಕೆಲಸದ ಮೇಲಿನ ಮರ್ಯಾದೆಗೆ ಬಿಟ್ಟರು.

ಗಾಡಿ ಹೊರಬಿದ್ದ ಮೇಲೆ ನೂರು ಹೆಜ್ಜೆ ನಡೆದೆ. ಒಂದು ಸಪ್ಪಳವಿಲ್ಲ. ಕ್ಯಾಪ್ಟನ್ ಸಾಹೇಬರು ಮೇನ್ ಸ್ಟ್ರೀಟಿನ ತುದಿಯವರೆಗೆ ಹೋಗಿ ಬಂದು ನನ್ನ ಬೆನ್ನು ತಟ್ಟಿದರು. ಸೇಠಜಿ ಬಂದ ಬಂದವರಿಗೆಲ್ಲ ಹೇಳಿದರು. ಎರಡು ತಿಂಗಳಲ್ಲಿ ಇನ್ನೂ ನಾಲ್ಕು ಮಿಡತೆಗಳಿಗೆ ಅದೇ ಸಾಗವಾನಿ, ಅದೇ ಬೆಣೆ. ಈಸ್ಟ್ ಸ್ಟ್ರೀಟಿನ ಒಬ್ಬ ಡಾಕ್ಟರ್, ಖಡಕಿಯ ಒಬ್ಬ ಸಾಹೇಬರು, ವಾನವಡಿಯಲ್ಲಿ ಒಬ್ಬ ಮೇಡಮ್, ಮತ್ತೆ ಒಬ್ಬ ವಕೀಲರ ಮಗ. ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಕೆಲಸ ಮಾಡಿಲ್ಲ. ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಪಂದ್ಯದ ಮುಂಜಾನೆ ಕಾತ್ರಜದ ಬುಡದಲ್ಲಿ ಎಂಟು ಹತ್ತು ಗಾಡಿಗಳು ಸೇರಿದ್ದವು. ಚಾಲಕನ ಪಕ್ಕದಲ್ಲಿ ಒಬ್ಬ ಮಿಸ್ತ್ರಿ ಕೂರಬೇಕೆಂಬ ನಿಯಮ. ಕ್ಯಾಪ್ಟನ್ ಸಾಹೇಬರ ಎಡಕ್ಕೆ ಅಡಿವೆಪ್ಪನವರು ಕುಳಿತರು. ನಾನು ಪೆಟ್ಟಿಗೆ ಹಿಡಿದು ಕೆಳಗೆ ನಿಂತಿದ್ದೆ. ಆ ಗಾಡಿಯ ಬಾಗಿಲಿಗೆ ಕೀಲು ಹಿಂದೆ, ಅದು ಮುಂದಿನಿಂದ ತೆರೆಯುತ್ತದೆ. ಚಿಲಕದ ನಾಲಿಗೆ ಒಮ್ಮೆ ಜಾರಿತೆಂದರೆ ಎದುರುಗಾಳಿಯೇ ಬಾಗಿಲನ್ನು ಪೂರ್ತಿ ಕಿತ್ತು ತೆಗೆಯುತ್ತದೆ. ಗಾಡಿ ಮೂರು ತಿರುವು ಏರಿತು. ನಾಲ್ಕನೆಯದರಲ್ಲಿ ಎಂಜಿನ್ನಿನ ಸದ್ದು ಒಮ್ಮೆಲೇ ನಿಂತಿತು.

ಓಡಿದೆ. ಬಲಕ್ಕೆ ತಿರುಗುವಾಗ ಎಡ ಬಾಗಿಲು ತೆರೆದುಕೊಂಡು ಅಡಿವೆಪ್ಪನವರು ಹೊರಗೆ ಬಿದ್ದಿದ್ದರು. ರಸ್ತೆಯಂಚಿನ ಜಲ್ಲಿಯ ಮೇಲೆ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಮುಂಗೈ ಹಿಂದಕ್ಕೆ ತಿರುಗಿಕೊಂಡಿತ್ತು. ಇನ್ನೊಂದು ಮೊಳ ಆಚೆಗೆ ಕಂದಕ. ನಾನು ಅವರನ್ನು ನೋಡುವ ಮೊದಲು ಗಾಡಿಯನ್ನು ನೋಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು, ಬರೆದಿದ್ದೇನೆ. ಬಾಗಿಲ ಮುಂದಿನ ಕಂಬ ಬುಡದಲ್ಲಿ ಸೀಳಿತ್ತು. ಸಂದುಗಳೆಲ್ಲ ಭದ್ರವಾಗಿದ್ದವು. ಚಾಸಿ ತಿರುವಿದಾಗ ಸಂದು ಬಿಟ್ಟುಕೊಡಲಿಲ್ಲ, ಹಾಗಾಗಿ ಮರವೇ ಸೀಳಿತು. ಕಂಬ ಸರಿದು ಚಿಲಕ ಜಾರಿತು. ಒಂದೇ ನೋಟಕ್ಕೆ ಎಲ್ಲ ತಿಳಿಯಿತು.

ಕ್ಯಾಪ್ಟನ್ ಸಾಹೇಬರು ಬೆಳ್ಳಗಾಗಿ ನಿಂತಿದ್ದರು. "ಬಾಗಿಲು ಸರಿಯಾಗಿ ಹಾಕಿಕೊಂಡಿದ್ದೆಯಾ?" ಎಂದು ಹಿಂದೂಸ್ಥಾನಿಯಲ್ಲಿ ಅಡಿವೆಪ್ಪನವರನ್ನು ಕೇಳಿದರು. ಅಡಿವೆಪ್ಪನವರು ನನ್ನ ಕಡೆ ನೋಡಿದರು. ನಾನು ಪೆಟ್ಟಿಗೆಯ ಹಿಡಿಕೆ ನೋಡುತ್ತಿದ್ದೆ. ಅವರು "ಇಲ್ಲ ಸಾಹೇಬ, ಚಿಲಕ ಪೂರಾ ಬಿದ್ದಿರಲಿಲ್ಲ, ನನ್ನ ತಪ್ಪು" ಎಂದರು.

ಅವರನ್ನು ಆಸ್ಪತ್ರೆಗೆ ಸೇರಿಸಿದರು. ಗಾಡಿಯನ್ನು ಎಳೆದು ತಂದು ಮೂಲೆಯಲ್ಲಿ ನಿಲ್ಲಿಸಿದರು. ಬಾಗಿಲು ಕಿತ್ತು ತೆರೆದ ಹೊಡೆತಕ್ಕೆ ಕಂಬ ಸೀಳಿದೆ ಎಂದು ಎಲ್ಲರೂ ತಿಳಿದರು. ಚಿಲಕ ಹಾಕಲು ಬಾರದವನು ಹೆಡ್ ಮಿಸ್ತ್ರಿಯಾಗಿ ಹೇಗಿರಬೇಕು ಎಂದು ಸೇಠಜಿ ಎಲ್ಲರೆದುರು ಅಂದರು, ಕೈ ಸರಿಹೋದ ಮೇಲೂ ಆ ಜಾಗ ಬೇರೆಯವರಿಗೆ ಎಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಯಾಕೆ ತೆರೆಯಲಿಲ್ಲ ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ಕೆಲಸ ಹೋದೀತೆಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಸಂದು ತಪ್ಪೆಂದು ನನ್ನ ಬಾಯಿಂದಲೇ ಹೇಳಬೇಕಲ್ಲ ಎಂಬ ಸಂಕಟ. ಅಪ್ಪನಿಂದ ಕಲಿತದ್ದು ತಪ್ಪಾಗಿರಲು ಹೇಗೆ ಸಾಧ್ಯ ಎಂದು ನನ್ನೊಳಗೇ ಜಗಳವಾಡುತ್ತಿದ್ದೆ. ಇನ್ನೂ ನಾಲ್ಕು ಗಾಡಿ ಊರಲ್ಲಿ ಓಡುತ್ತಿವೆ ಎಂಬುದು ಗೊತ್ತಿತ್ತು. ವಾನವಡಿಯ ಮೇಡಮ್ ತಮ್ಮ ಸಣ್ಣ ಮಗಳನ್ನು ಎಡಕ್ಕೆ ಕೂರಿಸಿಕೊಂಡು ಹೋಗುತ್ತಿದ್ದುದನ್ನು ನಾನೇ ಕಂಡಿದ್ದೆ.

ಆ ದಿನಗಳಲ್ಲಿ ಊಟಕ್ಕೆ ಕುಳಿತರೆ ಎರಡು ತುತ್ತಿಗೆ ಏಳುತ್ತಿದ್ದೆ. ರಸ್ತೆಯಲ್ಲಿ ಯಾವ ಸಣ್ಣ ಗಾಡಿಯ ಸದ್ದು ಬಂದರೂ ಹೊರಗೆ ಓಡುತ್ತಿದ್ದೆ. ಮಿಡತೆಯಲ್ಲ ಎಂದು ಗೊತ್ತಾದರೆ ಒಂದು ಗಳಿಗೆ ಸಮಾಧಾನ, ಹಾಗಾದರೆ ಅವು ಎಲ್ಲಿ ಎಂದು ಮತ್ತೆ ಚಡಪಡಿಕೆ. "ಮೈಯಾಗ ಇರವಿ ಬಿಟ್ಟಂಗ ಮಾಡ್ತೀರಲ್ರಿ, ಏನಾಗೇದ ಹೇಳಬಾರದಾ?" ಎಂದು ಹೆಂಡತಿ ಕೇಳಿದಳು. ಆಸ್ಪತ್ರೆಗೂ ಹೋಗಲಿಲ್ಲ. ಗ್ಯಾರೇಜಿನವರೆಲ್ಲ ಹೋಗಿ ಬಂದರು.

ಒಂಬತ್ತನೆಯ ದಿನ ತಡೆಯಲಾಗಲಿಲ್ಲ. ಸೇಠಜಿಗೆ ಹೇಳದೆ ಸೈಕಲ್ ಹತ್ತಿ ಮೊದಲು ವಾನವಡಿಗೆ ಹೋದೆ. ಏನಾದರೂ ನೆಪ ಹೇಳಿ ಗಾಡಿ ನಿಲ್ಲಿಸಬೇಕು, ಎಣ್ಣೆ ಬದಲಿಸಬೇಕೆಂದಾದರೂ ಹೇಳಬೇಕು ಎಂದುಕೊಂಡಿದ್ದೆ. ಬಂಗಲೆಯ ಶೆಡ್ಡಿನಲ್ಲಿ ಗಾಡಿಯನ್ನು ಇಟ್ಟಿಗೆಯ ಮೇಲೆ ಎತ್ತಿ ನಿಲ್ಲಿಸಿದ್ದರು, ಮೇಲೆ ಚಾದರ ಹೊದಿಸಿತ್ತು.

ಬಟ್ಲರ್ ನನ್ನನ್ನು ನೋಡಿ ಮರಾಠಿಯಲ್ಲಿ ಸಿಟ್ಟು ಮಾಡಿದ. "ಈಗ ಬಂದಿರಾ? ಹೋದ ವಾರ ನಿಮ್ಮ ಮಿಸ್ತ್ರಿಯ ಹೆಂಡತಿ ಬಂದು, ಗ್ಯಾರೇಜಿನಿಂದ ಮನುಷ್ಯ ಬರುವ ತನಕ ಗಾಡಿ ಹೊರಗೆ ತೆಗೆಯಬೇಡಿ, ಬಾಗಿಲಿನ ಕೆಲಸ ಬಾಕಿ ಇದೆ ಎಂದು ಹೇಳಿ ಹೋಗಿದ್ದಾಳೆ. ಮೇಡಮ್ ಟಾಂಗಾದಲ್ಲಿ ತಿರುಗುತ್ತಿದ್ದಾರೆ."

ಈಸ್ಟ್ ಸ್ಟ್ರೀಟಿಗೆ ಹೋದೆ. ಡಾಕ್ಟರರ ಗಾಡಿಯೂ ಒಳಗೆ ನಿಂತಿತ್ತು. ಅಲ್ಲಿಗೂ ಅಡಿವೆಪ್ಪನವರ ಹೆಂಡತಿ ಗೌರವ್ವ ಬಂದು ಹೋಗಿದ್ದರು, ಅದೂ ಅಪಘಾತದ ಮರುದಿನವೇ. ಮಿಕ್ಕ ಎರಡು ಮನೆಗೆ ಹೋಗುವ ಅಗತ್ಯ ಉಳಿಯಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟೆ. ಅವರಿಗೆ ಮೊದಲ ಗಳಿಗೆಯಿಂದ ಎಲ್ಲ ಗೊತ್ತಿತ್ತು. ಮುರಿದ ಕೈ ಇಟ್ಟುಕೊಂಡು ಮಲಗಿದಲ್ಲಿಂದಲೇ ಆ ನಾಲ್ಕು ಮನೆಯವರನ್ನು ಕಾಪಾಡಿದ್ದರು. ನನ್ನ ಹೆಸರನ್ನು ಎಲ್ಲಿಯೂ ಎತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಗೌರವ್ವ ಅವರಿಗೆ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ಹೊರಗೆ ಹೋದರು. ನಾನು ಮಂಚದ ಕಾಲ ಬಳಿ ನಿಂತೆ.

"ಮಿಸ್ತ್ರಿಯವ್ರ, ತಪ್ಪು ಚಿಲಕದ್ದಲ್ರಿ. ನಂದು. ನಾ ಪಟ್ಟಿ ತಗದೆ, ಬಿಗಿ ಕೂಡಿಸಿದೆ."

"ನನಗ ಗೊತ್ತಿಲ್ಲೇನು? ಅದರಾಗ ಕೂತಾವ ನಾನು. ಒಂದೊಂದ ತಿರುವಿನ್ಯಾಗೂ ಚಾಸಿ ಮೈ ಮುರಕೊಳ್ಳಾಕ ನೋಡತಿತ್ತು, ನಿನ್ನ ಕಟಗಿ ಬಿಡವಲ್ದಾಗಿತ್ತು. ತೊಡೀ ಕೆಳಗ ತಿಳೀತಿತ್ತು ನನಗ."

"ಮತ್ತ ನಿಮ್ಮ ಮ್ಯಾಲ ಯಾಕ ತಗೊಂಡ್ರಿ?"

"ಯಾರರ ಒಬ್ಬರು ಮಾತಾಡಬೇಕಿತ್ತು. ನೀ ಪೆಟಗೀ ನೋಡಕೋತ ನಿಂತಿದ್ದಿ. ಒಂದ ದಿನದ ಮಾತು, ನಾಳೆ ಮುಂಜಾನೆ ತಾನ ಬಂದು ಹೇಳತಾನ, ಅಲ್ಲೀತನಾ ಹುಡುಗನ ಮರ್ಯಾದಿ ಇರಲಿ ಅಂದೆ. ಇವತ್ತಿಗೆ ಒಂಬತ್ತ ದಿನಾ ಆತು, ಈರಪ್ಪ. ದಿನಾ ಆ ಬಾಗಲಾ ನೋಡಿದೆ."

ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲಿಂದ ನೇರ ಸೇಠಜಿಯ ಬಳಿ ಹೋಗಿ ಎಲ್ಲರೆದುರು ಹೇಳಿದೆ. ಸೇಠಜಿ ಬಹಳ ಹೊತ್ತು ಮೇಜಿನ ಮೇಲಿನ ಕಾಗದ ಸರಿಸಿದರು. ಆಮೇಲೆ ನನ್ನ ತೋಳು ಹಿಡಿದು ಕ್ಯಾಪ್ಟನ್ ಸಾಹೇಬರ ಬಂಗಲೆಗೆ ಎಳೆದೊಯ್ದರು. ಸಾಹೇಬರು ನಿಂತೇ ಕೇಳಿದರು. "ಇಂಥ ಗಾಡಿ ಇನ್ನೆಷ್ಟಿವೆ?" ಎಂದರು. ನಾಲ್ಕು ಎಂದೆ. "ಹಾಗಾದರೆ ಇಲ್ಲಿ ಯಾಕೆ ನಿಂತಿದ್ದೀಯ?" ಎಂದರು. ಅಷ್ಟೇ. ನನ್ನ ಕೆಲಸ ಉಳಿಯಿತು. ತಪ್ಪು ಎಲ್ಲಿದೆ ಎಂದು ಗೊತ್ತಿದ್ದ ಬಡಿಗ ನಾನೊಬ್ಬನೇ ಎಂಬ ಕಾರಣಕ್ಕೆ ಉಳಿಯಿತು ಎಂದು ಈಗ ಅನ್ನಿಸುತ್ತದೆ. ಅಡಿವೆಪ್ಪನವರಿಗೆ ಹೆಡ್ ಮಿಸ್ತ್ರಿಯ ಜಾಗವೂ ಉಳಿಯಿತು.

ಐದೂ ಚೌಕಟ್ಟುಗಳನ್ನು ಬಿಚ್ಚಿದೆ. ಬಗ್ಗುವ ಮರಕ್ಕಾಗಿ ಊರೆಲ್ಲ ತಿರುಗಿದೆ, ಕಡೆಗೆ ಟಾಂಗಾದ ಕುದುರೆ ಕಟ್ಟುವ ಮೂಕಿಗೆ ಹಾಕುವ ಮರವನ್ನೇ ತೆಳ್ಳಗೆ ಸೀಳಿ ತೆಗೆದುಕೊಂಡೆ. ಸಂದಿನಲ್ಲಿ ಒಂದು ಕಾಗದ ಹಿಡಿಯುವಷ್ಟು ಜಾಗ ಬಿಡುತ್ತ ಹೋದೆ. ಪ್ರತಿಸಲ ಬಿಡುವಾಗಲೂ ಕೈ ಒಪ್ಪುತ್ತಿರಲಿಲ್ಲ, ತಿದ್ದಿ ಬಿಗಿ ಮಾಡಲು ಹೋಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವುದೇ ದೊಡ್ಡ ಕೆಲಸವಾಯಿತು. ಕೆಳಗೆ ದಪ್ಪ ಕಂಬಳಿಯ ಪಟ್ಟಿ ಹಾಕಿದೆ. ಹುಡುಗರೇ, ನೀವು ಯಾವ ಹಳೆಯ ಕೆಲಸ ಬಿಚ್ಚಿದರೂ ಅದರಲ್ಲಿ ನಿಮಗೆ ದಡ್ಡತನ ಅನ್ನಿಸಿದ್ದನ್ನು ಎಸೆಯುವ ಮೊದಲು ಒಂದು ದಿನ ಮೇಜಿನ ಮೇಲಿಟ್ಟು ನೋಡಿ. ನಾನು ಕಲಿಸಬಲ್ಲ ವಿದ್ಯೆ ಇಷ್ಟೇ.

ಕ್ಯಾಪ್ಟನ್ ಸಾಹೇಬರ ಗಾಡಿಯನ್ನು ಕಾತ್ರಜದಲ್ಲಿಯೇ ಓಡಿಸಿ ನೋಡಬೇಕಾಗಿತ್ತು. ಎಡಕ್ಕೆ ಕೂರಲು ಯಾರೂ ಮುಂದೆ ಬರಲಿಲ್ಲ. ನಾನು ಹತ್ತಹೋದೆ. ಅಡಿವೆಪ್ಪನವರು ಕೊರಳಿಗೆ ಕೈ ಕಟ್ಟಿಕೊಂಡು ಬಂದಿದ್ದರು, ನನ್ನ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿದರು.

"ನೀ ಕೂತ್ರ ದೇವರ ನೆನಸಕೋತ ಕೂಡತೀ. ಗಾಡಿ ಏನ ಹೇಳತದ ಅನ್ನೂದು ನಿನಗ ಕೇಳಸೂದಿಲ್ಲ. ಅತ್ತಾಗ ಸರಿ."

ಅವರೇ ಹತ್ತಿ ಕುಳಿತರು. ನಾನು ಬುಡದಲ್ಲಿ ನಿಲ್ಲಲಾರದೆ ಗಾಡಿಯ ಹಿಂದೆಯೇ ಓಡುತ್ತ ಹೋದೆ, ಮೊದಲ ತಿರುವಿನಲ್ಲಿಯೇ ಉಸಿರು ಹತ್ತಿ ನಿಂತೆ. ಮೇಲಿನವರೆಗೂ ಸದ್ದು ನಿಲ್ಲಲಿಲ್ಲ. ಗಾಡಿ ಘಾಟಿನ ಮೇಲಿನ ಸುರಂಗದ ಬಾಯಿ ಮುಟ್ಟಿ ತಿರುಗಿ ಬಂತು. ಅಡಿವೆಪ್ಪನವರು ಎಡಗೈಯಿಂದ ಬಾಗಿಲು ತೆರೆದು ಇಳಿದು ನನ್ನೆದುರು ಬಂದು ನಿಂತರು.

"ಗಾಡಿ ಛಲೋ ಆಗೇದ. ಈಗ ಅದರಾಗ ಯಾರ ಬೇಕಾದ್ರೂ ಕೂಡಬಹುದು. ನಿನ್ನ ಕೂಡ ಮಾತ್ರ ನಾ ಇನ್ನ ಮಾತಾಡೂದಿಲ್ಲ" ಎಂದರು.

ಸಿಟ್ಟಿನ ಮಾತು, ನಾಲ್ಕು ದಿನಕ್ಕೆ ಕರಗುತ್ತದೆ ಎಂದುಕೊಂಡೆ. ಕರಗಲಿಲ್ಲ. ಅವರ ಮುಂಗೈ ಸೊಟ್ಟಗೇ ಕೂಡಿತು, ಬೋಲ್ಟಿಗೆ ಪಾನಾ ಹಾಕಿ ಹಿಡಿದು ತಿರುವಲು ಬರಲಿಲ್ಲ. ಎಡಗೈಯಲ್ಲಿ ಕಲಿತರು. ಎಂಜಿನ್ನಿನ ಮೇಲೆ ಕಿವಿಯಿಟ್ಟು ಒಳಗಿನದನ್ನು ಹೇಳುತ್ತಿದ್ದರು. ನಾವಿಬ್ಬರೂ ಒಂದೇ ಗಾಡಿಯ ಮೇಲೆ ಆಚೆ ಈಚೆ ಬಗ್ಗಿ ಕೆಲಸ ಮಾಡಿದ್ದೇವೆ, ವರ್ಷಗಟ್ಟಲೆ. ನನಗೆ ಏನಾದರೂ ಹೇಳಬೇಕಾದರೆ ಮೂರನೆಯವರಿಗೆ ಮರಾಠಿಯಲ್ಲಿ ಹೇಳುತ್ತಿದ್ದರು. "ಆ ಬಡಿಗ್ಯಾಗ ಹೇಳ್ರಿ, ಈ ಬದಿ ಬೋಲ್ಟ ಸಡ್ಲ ಅದ." ನಾನು ಒಂದು ಮೊಳ ದೂರದಲ್ಲಿ ನಿಂತಿರುತ್ತಿದ್ದೆ. ಹತ್ತಿರ ಯಾರೂ ಇಲ್ಲದಿದ್ದರೆ ಗಾಡಿಗೇ ಹೇಳುತ್ತಿದ್ದರು. ಗ್ಯಾರೇಜಿನವರು ಇದನ್ನು ನೋಡಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಮನೆಗೆ ಹೋಗಿ ಅತ್ತದ್ದೂ ಇದೆ.

ಈ ನಡುವೆ ಮಿಡತೆ ದೊಡ್ಡದಾಗುತ್ತ ಹೋಯಿತು. ಹೊಸದಾಗಿ ಬಂದವುಗಳ ಎಂಜಿನ್ ಬೇರೆಯೇ, ಮೈ ಅಗಲ, ಬ್ರೇಕು ತಂತಿಯ ಬದಲು ಎಣ್ಣೆಯದು. ಮೊದಲ ಎಣ್ಣೆ ಬ್ರೇಕಿನ ಗಾಡಿ ಬಂದಾಗ ಅಡಿವೆಪ್ಪನವರು ಸುತ್ತ ಮೂರು ಸಲ ತಿರುಗಿದರು. "ಸೇಠಜಿ, ಒಂದ ಚಮಚಾ ಎಣ್ಣೀ ಮ್ಯಾಲ ಜೀವಾ ಬಿಡಬೇಕೇನ್ರಿ? ಆ ಬಡಿಗ್ಯಾಗ ಕೇಳ್ರಿ, ಅವಗರ ಧೈರ್ಯಾ ಅದ ಏನು?" ಎಂದು ಮರಾಠಿಯಲ್ಲಿ ಅಂದರು. ನನ್ನನ್ನು ಕೇಳಿದರಲ್ಲ ಎಂದು ಆ ದಿನವೆಲ್ಲ ನನಗೆ ಹಬ್ಬ. ಮೈಯೊಳಗೆ ಮಾತ್ರ ಆಗಲೂ ಮರವೇ ಇತ್ತು. ಆಮೇಲೆ ಯುದ್ಧ ಬಂತು, ಹೊಸ ಗಾಡಿ ಬರುವುದು ನಿಂತಿತು. ಹಳೆಯವನ್ನೇ ಕಟ್ಟಿ ಬಿಚ್ಚಿ ಓಡಿಸಿದೆವು. ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ವರ್ಷ ಸಾಹೇಬರು ಒಬ್ಬೊಬ್ಬರೇ ಗಾಡಿ ಮಾರಿ ಹೊರಟರು. ಅಡಿವೆಪ್ಪನವರೂ ಸಾಕೆಂದು ಬೆಳಗಾವಿಗೆ ಹೊರಟರು.

ಅವರನ್ನು ಕಳಿಸಲು ಪುಣೆ ಸ್ಟೇಶನ್ನಿಗೆ ನಾನೊಬ್ಬನೇ ಹೋಗಿದ್ದೆ. ಬರಬೇಡ ಎಂದು ಯಾರ ಕೈಯಲ್ಲೂ ಹೇಳಿ ಕಳಿಸಿರಲಿಲ್ಲ, ಅದಕ್ಕೇ ಹೋದೆ. ಗೌರವ್ವ ರೈಲಿನ ಡಬ್ಬಿಯೊಳಗೆ ಜಾಗ ಹಿಡಿದು ಕುಳಿತಿದ್ದರು. ಹಮಾಲ ಅವರ ಟ್ರಂಕನ್ನು ಏರಿಸಿ ಕೆಳಗಿಳಿದು ಬಂದ. ಪ್ಲಾಟ್‌ಫಾರ್ಮಿನ ಮೇಲೆ ಅಡಿವೆಪ್ಪನವರು, ಹಮಾಲ ಮತ್ತು ನಾನು. ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಹತ್ತಿ ಟ್ರಂಕಿನ ಹಗ್ಗ ಬಿಗಿಯಾಗಿದೆಯೋ ನೋಡಿದೆ, ನೀರಿನ ತಂಬಿಗೆ ತುಂಬಿಸಿ ತಂದೆ, ಮತ್ತೆ ಹಗ್ಗ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಗಾರ್ಡ್ ಸೀಟಿ ಊದಿದ.

ಆಗ ಅವರು ತಮ್ಮ ಸೊಟ್ಟ ಕೈಯನ್ನು ಹಮಾಲನ ಹೆಗಲ ಮೇಲಿಟ್ಟು ಅವನ ಮುಖವನ್ನೇ ನೋಡುತ್ತ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರು: "ಈ ಬಡಿಗ್ಯಾಗ ಹೇಳಪಾ. ಒಂಬತ್ತನೇ ದಿನಾ ಬಂದಾ. ಎಂದೂ ಬರದೇ ಇದ್ದವರನ್ನ ನಾ ಭಾಳ ಮಂದಿನ್ನ ನೋಡೇನಿ."

ಹಮಾಲ ಸಾತಾರಾ ಕಡೆಯವನು, ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. "ಕಾಯ್ ಮ್ಹಣ್ತಾಯ್, ಬಾಬಾ?" ಎಂದು, ಏನು ಹೇಳುತ್ತಿದ್ದೀರೆಂದು ಮರಾಠಿಯಲ್ಲಿ ಕೇಳಿ, ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ಅಡಿವೆಪ್ಪನವರು ಎಡಗೈಯಿಂದ ಕಂಬಿ ಹಿಡಿದು ಹತ್ತಿದರು. ಗಾಡಿ ಬಿಟ್ಟಿತು.